ಮೆಲುದನಿಯ ಚಿತ್ರಗಳು ಮತ್ತು ಅವನ್ನು ಕಾಯುವವರು



ನಿಮ್ಮ ತರಗತಿಯಲ್ಲಿ ಐವತ್ತು ಜನರಿದ್ದರೆ, ಆ ಐವತ್ತೂ ಜನ ನೋಡಿರುವ ಸಿನೆಮಾ ಯಾವುದೆಂದು ಕೇಳಿದ ಕೂಡಲೇ ನೀವು ನಾಲ್ಕಾರು ಹೆಸರು ಹೇಳಬಲ್ಲಿರಿ. ಅವುಗಳ ಹಾಡು ನಿಮಗೆ ಬಾಯಿಪಾಠ, ಮಾತುಗಳೂ ಬಾಯಿಪಾಠ. ಈಗ ಇನ್ನೊಂದು ಪ್ರಶ್ನೆ. ತರಗತಿಯಲ್ಲಿ ಒಬ್ಬರೋ ಇಬ್ಬರೋ ಮಾತ್ರ ನೋಡಿರಬಹುದಾದ, ಕುಣಿತವಿಲ್ಲದ, ಹೊಡೆದಾಟವಿಲ್ಲದ, ನಿಧಾನವಾಗಿ ಸಾಗುವ ಒಂದು ಕನ್ನಡ ಚಿತ್ರದ ಹೆಸರು ಹೇಳಿ. ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕು, ಅಲ್ಲವೇ?

ಇಂದಿನ ಮಾತು ಅಂಥ ಚಿತ್ರಗಳನ್ನು ಕುರಿತದ್ದು, ಅವುಗಳನ್ನು ಹುಡುಕಿ ತಂದು ಜೋಪಾನ ಮಾಡುವ ಸಂಗ್ರಾಹಕರನ್ನು ಕುರಿತದ್ದು. ಚಿತ್ರಮಂದಿರದಲ್ಲಿ ಒಂದು ವಾರವೂ ಓಡದ ಚಿತ್ರದಲ್ಲಿ ಇವರಿಗೆ ಕಾಣುವುದಾದರೂ ಏನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ನಮ್ಮ ನಾಡಿನಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ, ಏಕೆ ಎಂಬ ದೊಡ್ಡ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಮೊದಲು ಆ ಚಿತ್ರಗಳ ಸ್ವಭಾವವನ್ನು ನೋಡೋಣ. ಅವುಗಳಲ್ಲಿ ಕಥೆ ಇರುತ್ತದೆ, ಆದರೆ ಕಥೆಗಿಂತ ಹೆಚ್ಚಾಗಿ ವಾತಾವರಣ ಮನಸ್ಸಿನಲ್ಲಿ ನಿಲ್ಲುತ್ತದೆ. ವಾತಾವರಣ ಎಂದರೇನು? ನಿಮ್ಮ ಜಿಲ್ಲೆಯಿಂದಲೇ ಉದಾಹರಣೆ ಕೊಡುತ್ತೇನೆ. ಬೇಸಿಗೆಯ ಮಧ್ಯಾಹ್ನ ನವಲಗುಂದದ ಎರಿಹೊಲದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕಣ್ಣು ಹಾಯುವಷ್ಟು ದೂರ ಬಯಲು, ಬಿರುಕು ಬಿಟ್ಟ ಕರಿಯ ನೆಲ, ನೆರಳಿಗೆಂದು ಒಂದೇ ಒಂದು ಜಾಲಿಮರ. ಅಲ್ಲಿಂದ ಹುಬ್ಬಳ್ಳಿ ದಾಟಿ ಕಲಘಟಗಿಯ ಕಡೆಗೆ ಬನ್ನಿ. ಭತ್ತದ ಗದ್ದೆ, ಕೆರೆ, ಕಾಡಿನ ಅಂಚು, ಎಲೆಗಳ ನಡುವೆ ಸೋಸಿ ಬರುವ ಬಿಸಿಲು. ಜಿಲ್ಲೆ ಒಂದೇ, ಆದರೆ ಬೆಳಕು ಬೇರೆ, ಗಾಳಿ ಬೇರೆ, ಹಕ್ಕಿಗಳ ಸದ್ದೂ ಬೇರೆ. ಈ ವ್ಯತ್ಯಾಸವನ್ನು ಮಾತಿನಲ್ಲಿ ವಿವರಿಸುವುದು ಕಷ್ಟ. ಒಳ್ಳೆಯ ಛಾಯಾಗ್ರಾಹಕ ಅದನ್ನು ಒಂದು ನಿಮಿಷದ ದೃಶ್ಯದಲ್ಲಿ ಹಿಡಿದುಬಿಡುತ್ತಾನೆ. ಹೀಗೆ ಒಂದು ಜಾಗದ ಬೆಳಕು, ಸದ್ದು, ಮೌನ ಇವೇ ಪಾತ್ರಗಳಂತೆ ಬಂದು ಕೂರುವ ಚಿತ್ರಗಳನ್ನು ನಾನು ಮೆಲುದನಿಯ ಚಿತ್ರಗಳು ಎಂದು ಕರೆಯುತ್ತಿದ್ದೇನೆ.

ಕನ್ನಡದಲ್ಲಿ ಇಂಥ ಚಿತ್ರಗಳ ಒಂದು ದೊಡ್ಡ ಅಲೆ ಎದ್ದದ್ದು 1970ರಲ್ಲಿ. ಆ ವರ್ಷದ 'ಸಂಸ್ಕಾರ' ಚಿತ್ರಕ್ಕೂ ನಿಮ್ಮ ಧಾರವಾಡಕ್ಕೂ ನಂಟಿದೆ. ಯು.ಆರ್. ಅನಂತಮೂರ್ತಿಯವರ ಆ ಕಾದಂಬರಿಯನ್ನು 1965ರಲ್ಲಿ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಚಿತ್ರದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿ ಬೆಳೆದವರು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಈ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕವನ್. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಇದಕ್ಕೆ ಅನುಮತಿಯನ್ನೇ ನಿರಾಕರಿಸಿತ್ತು. ಬಳಿಕ ಬಿಡುಗಡೆಯಾಗಿ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು. ಅಗ್ರಹಾರದಲ್ಲಿ ಒಂದು ಹೆಣ ಸಂಸ್ಕಾರವಿಲ್ಲದೆ ಬಿದ್ದಿದೆ, ಊರಿಗೆ ಊರೇ ಕಾಯುತ್ತಿದೆ. ಆ ಕಾಯುವಿಕೆಯ ಭಾರವೇ ಚಿತ್ರದ ಜೀವ.

ಅದರ ಹಿಂದೆಯೇ ಬಂದವುಗಳನ್ನು ನೆನೆಯೋಣ. ಕಾರ್ನಾಡರ 'ಕಾಡು' 1973ರಲ್ಲಿ ಬಂತು. ಎರಡು ಹಳ್ಳಿಗಳ ದ್ವೇಷವನ್ನು ಕಿಟ್ಟಿ ಎಂಬ ಚಿಕ್ಕ ಹುಡುಗನ ಕಣ್ಣಿನಿಂದ ತೋರಿಸಿದ ಚಿತ್ರ ಅದು. ಬಿ.ವಿ. ಕಾರಂತರ 'ಚೋಮನ ದುಡಿ' 1975ರದ್ದು. ಶಿವರಾಮ ಕಾರಂತರ ಕಾದಂಬರಿಯ ಚೋಮನಾಗಿ ನಟಿಸಿದ ವಾಸುದೇವ ರಾಯರು ಶ್ರೇಷ್ಠ ನಟ ಪ್ರಶಸ್ತಿ ಪಡೆದರು, ಚಿತ್ರಕ್ಕೆ ಸ್ವರ್ಣಕಮಲ ಸಂದಿತು. ಉಳಲು ಒಂದು ತುಂಡು ಭೂಮಿ ಬೇಕೆಂಬ ಚೋಮನ ಆಸೆ ಕೈಗೂಡುವುದಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಅವನು ದುಡಿ ಬಡಿದು ಹೇಳುತ್ತಾನೆ. ಚಿತ್ರ ನೋಡಿದವರಿಗೆ ಕಥೆಯ ವಿವರ ಮರೆತರೂ ಆ ದುಡಿಯ ಸದ್ದು ಮರೆಯುವುದಿಲ್ಲ.

1977ರಲ್ಲಿ ಬಂದದ್ದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದು ಮುಗಿಸಿ ಬಂದ ತರುಣನ ಮೊದಲ ಕಥಾಚಿತ್ರವಿದು. ಮಲೆನಾಡಿನ ಒಂದು ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಬರುತ್ತಾನೆ. ಅಲ್ಲಿ ಅವನಿಗೆ ಆಸರೆಯಾಗುವವಳು ಗುರುಗಳ ಮಗಳು, ಎಳೆಯ ವಿಧವೆ ಯಮುನಕ್ಕ. ಅವಳು ಬಸುರಿಯೆಂದು ಊರಿಗೆ ತಿಳಿದಾಗ, ಬದುಕಿರುವ ಮಗಳಿಗೇ ತಂದೆ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಹುಡುಗನಿಗೆ ಎಲ್ಲವೂ ಅರ್ಥವಾಗುವುದಿಲ್ಲ. ಅವನು ನೋಡುತ್ತಾನೆ, ಹೆದರುತ್ತಾನೆ. ಎಸ್. ರಾಮಚಂದ್ರರ ಕಪ್ಪು ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ, ಇವು ಆ ಹೆದರಿಕೆಯನ್ನು ನಮಗೂ ದಾಟಿಸುತ್ತವೆ. ಇದಕ್ಕೂ ಸ್ವರ್ಣಕಮಲ ಬಂತು.

ನಿಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದು ಬೇಕೆಂದರೆ, ಕಾಸರವಳ್ಳಿಯವರದೇ 1997ರ 'ತಾಯಿ ಸಾಹೇಬ' ಇದೆ. ಉತ್ತರ ಕರ್ನಾಟಕದ ಒಂದು ವಾಡೆಯ ಕಥೆ. ವಾಡೆಯ ದಪ್ಪ ಗೋಡೆ, ಒಳಗಿನ ನಸುಗತ್ತಲೆ, ಅಲ್ಲಿ ಕೂತು ಕಾಲ ಬದಲಾಗುವುದನ್ನು ನೋಡುವ ಒಬ್ಬ ಹೆಣ್ಣುಮಗಳು. ಅಂಥ ವಾಡೆಗಳನ್ನು ನಿಮ್ಮಲ್ಲಿ ಅನೇಕರು ನಿಮ್ಮ ಊರಲ್ಲೇ ಕಂಡಿದ್ದೀರಿ. ಕೆಲವು ಬಿದ್ದುಹೋಗಿವೆ. ಚಿತ್ರದಲ್ಲಿ ಅವುಗಳೊಳಗಿನ ಬದುಕು ಇನ್ನೂ ಉಸಿರಾಡುತ್ತಿದೆ.

ಇಷ್ಟೊಂದು ಪ್ರಶಸ್ತಿ ಬಂದ ಚಿತ್ರಗಳು ಅಪರೂಪವಾದದ್ದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಶಸ್ತಿ ಬೇರೆ, ಪ್ರದರ್ಶನ ಬೇರೆ. ಹಳ್ಳಿಗಳಿಗೆ ಸಿನೆಮಾ ತರುತ್ತಿದ್ದದ್ದು ಟೂರಿಂಗ್ ಟಾಕೀಸಿನ ಡೇರೆ. ಡೇರೆಯ ಮಾಲೀಕನಿಗೆ ಬಾಡಿಗೆ ಕೊಟ್ಟ ಹಣ ಮರಳಿ ಬರಬೇಕಲ್ಲ! ಅವನು ಜನ ತುಂಬುವ ಚಿತ್ರವನ್ನೇ ತರಿಸುತ್ತಿದ್ದ. ಮೆಲುದನಿಯ ಚಿತ್ರಗಳಿಗೆ ಪ್ರಿಂಟು ಹಾಕಿಸುತ್ತಿದ್ದದ್ದೇ ಕೆಲವು. ಅವು ನಗರದ ಫಿಲ್ಮ್ ಸೊಸೈಟಿಗಳಲ್ಲಿ, ಬೆಳಗಿನ ಪ್ರದರ್ಶನಗಳಲ್ಲಿ ಓಡಿ ಡಬ್ಬ ಸೇರುತ್ತಿದ್ದವು. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಭಾರತದ ಎಲ್ಲ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳನ್ನು ತೋರಿಸತೊಡಗಿದಾಗ ದೊಡ್ಡ ಬದಲಾವಣೆ ಆಯಿತು. ಊಟ ಮುಗಿಸಿ ಪಡಸಾಲೆಯಲ್ಲಿ ಕೂತ ಎಷ್ಟೋ ಮನೆಯವರು ಬಂಗಾಳಿ, ಮಲೆಯಾಳಿ, ಅಸ್ಸಾಮಿ ಚಿತ್ರಗಳನ್ನು ಮೊದಲ ಬಾರಿಗೆ ನೋಡಿದ್ದು ಹಾಗೆ. ವಿ.ಸಿ.ಆರ್. ಇದ್ದವರು ಅವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಮನೆಯ ಬೀರುವಿನಲ್ಲಿ ಸಿನೆಮಾ ಕೂಡಿಡುವ ಹವ್ಯಾಸ ನಮ್ಮಲ್ಲಿ ಬೆಳೆದದ್ದು ಅಂಥ ಕ್ಯಾಸೆಟ್ಟುಗಳಿಂದಲೇ.

ಹಾಗಾದರೆ ಸಂಗ್ರಾಹಕನನ್ನು ಈ ಚಿತ್ರಗಳು ಸೆಳೆಯುವುದೇಕೆ? ಮೂರು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು, ಇವು ಒಮ್ಮೆ ನೋಡಿದರೆ ಮುಗಿಯುವುದಿಲ್ಲ. ಮುಂದೇನಾಯಿತು ಎಂಬ ಕುತೂಹಲದ ಮೇಲೆ ನಿಂತ ಚಿತ್ರ, ಮುಂದಿನದು ಗೊತ್ತಾದ ಮೇಲೆ ಅರ್ಧ ಸತ್ವ ಕಳೆದುಕೊಳ್ಳುತ್ತದೆ. ವಾತಾವರಣದ ಮೇಲೆ ನಿಂತ ಚಿತ್ರವಾದರೋ ಹಳೆಯ ರಾಗವಿದ್ದಂತೆ. ಎರಡನೆಯ ಸಲ ಕೇಳಿದಾಗ ಮೊದಲ ಸಲ ಕೇಳದಿದ್ದ ಸ್ವರ ಕೇಳುತ್ತದೆ.

ಎರಡನೆಯದು, ಇವುಗಳಲ್ಲಿ ಬೇರೆಲ್ಲೂ ದಾಖಲಾಗದ ಸಂಗತಿಗಳಿವೆ. ಜನ ನೀರು ಸೇದುವ ರೀತಿ, ಒಲೆಯ ಮುಂದೆ ಕೂರುವ ರೀತಿ, ಹೆಣ್ಣುಮಕ್ಕಳು ತಮ್ಮೊಳಗೆ ಮಾತಾಡುವ ದನಿ, ಸಂಜೆ ದೀಪ ಹಚ್ಚುವ ಹೊತ್ತಿನ ಬೆಳಕು. ಇತಿಹಾಸದ ಪುಸ್ತಕಗಳಲ್ಲಿ ಇವಕ್ಕೆ ಜಾಗ ಸಿಗುವುದು ಕಡಿಮೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಂಗ್ರಾಹಕನಿಗೆ ಒಂದು ಭಯವಿದೆ. ತಾನು ಕಾಯದಿದ್ದರೆ ಇದು ಉಳಿಯಲಿಕ್ಕಿಲ್ಲ ಎಂಬ ಭಯ. ಈ ಭಯಕ್ಕೆ ಆಧಾರವಿದೆಯೇ ಎಂದು ಈಗ ನೋಡೋಣ.

ಸಿನೆಮಾ ಎಂಬುದು ಬಹಳ ನಾಜೂಕಾದ ವಸ್ತು. ಸೆಕೆಂಡಿಗೆ 24 ಚಿತ್ರಗಳಂತೆ, ಎರಡು ಗಂಟೆಯ ಚಿತ್ರದಲ್ಲಿ 1,72,800 ಸ್ಥಿರಚಿತ್ರಗಳು ಇರುತ್ತವೆ. 35 ಮಿಲಿಮೀಟರ್ ಫಿಲ್ಮನ್ನು ಬಿಚ್ಚಿ ಹಾಸಿದರೆ ಮೂರು ಕಿಲೋಮೀಟರಿಗೂ ಉದ್ದ! 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬಲುಬೇಗ ಬೆಂಕಿ ಹಿಡಿಯುವಂಥದ್ದು. ಅನಂತರ ಬಂದ ಅಸಿಟೇಟ್ ಫಿಲ್ಮು ಹಾಗೆ ಉರಿಯುವುದಿಲ್ಲ, ಆದರೆ ಸೆಕೆ ಮತ್ತು ತೇವದಲ್ಲಿ ಕೊಳೆಯುತ್ತದೆ. ಕೊಳೆತ ಡಬ್ಬದ ಮುಚ್ಚಳ ತೆಗೆದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಫಿಲ್ಮು ಮುರುಟಿಕೊಂಡಿರುತ್ತದೆ. ಇವೆಲ್ಲದರ ಜೊತೆಗೆ, ಓಟ ಮುಗಿದ ಕಪ್ಪು ಬಿಳುಪು ಫಿಲ್ಮುಗಳನ್ನು ಅದರಲ್ಲಿನ ಬೆಳ್ಳಿಯ ಅಂಶ ತೆಗೆಯಲೆಂದೇ ಮಾರಿದ್ದೂ ಉಂಟು.

ಪರಿಣಾಮ ಏನಾಯಿತು? ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1,300. ಇಂದು ಉಳಿದಿರುವುದು, ತುಣುಕುಗಳನ್ನೂ ಸೇರಿಸಿ, ಮೂವತ್ತರ ಆಸುಪಾಸು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ನಿರ್ದೇಶಕರು ವೈ.ವಿ. ರಾವ್, ನಟರು ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್. ಇಷ್ಟೆಲ್ಲ ನಮಗೆ ಗೊತ್ತು. ಆದರೆ ಚಿತ್ರ ಮಾತ್ರ ಇಲ್ಲ. ಒಂದು ಪ್ರತಿಯೂ ಉಳಿದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 'ಸತಿ ಸುಲೋಚನ' ಯಾರೂ ನೋಡದ ಚಿತ್ರವಾಗಿರಲಿಲ್ಲ. ಬೆಳ್ಳಿತೆರೆಯ ಮೇಲೆ ಕನ್ನಡ ಮಾತು ಕೇಳಲು ಜನ ಮುಗಿಬಿದ್ದು ಬಂದಿದ್ದರು. ಅಷ್ಟು ಜನ ನೋಡಿದ ಚಿತ್ರ ಕಳೆದುಹೋಯಿತು. ಅದಕ್ಕೆ ಹೋಲಿಸಿದರೆ ಎಷ್ಟೋ ಕಡಿಮೆ ಜನ ನೋಡಿದ 'ಘಟಶ್ರಾದ್ಧ' ಉಳಿಯಿತು. ಉಳಿಯಿತಷ್ಟೇ ಅಲ್ಲ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ ಅದನ್ನು ಇಟಲಿಯ ಪ್ರಯೋಗಾಲಯದಲ್ಲಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಅದು ಮತ್ತೆ ತೆರೆ ಕಂಡಿತು. ತಯಾರಾಗಿ 47 ವರ್ಷಗಳ ನಂತರ! ಎರಡರ ನಡುವಿನ ವ್ಯತ್ಯಾಸ ಜನಪ್ರಿಯತೆಯದಲ್ಲ. ಒಂದನ್ನು ಯಾರೋ ತೆಗೆದಿಟ್ಟಿದ್ದರು, ಇನ್ನೊಂದನ್ನು ಯಾರೂ ತೆಗೆದಿಡಲಿಲ್ಲ.

ಹೊರದೇಶದ ಒಂದು ಪ್ರಸಂಗವೂ ಇದನ್ನೇ ಹೇಳುತ್ತದೆ. ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ ಎಂಬ ನಿರ್ದೇಶಕ ಫ್ರಾನ್ಸಿನಲ್ಲಿ ಜೋನ್ ಆಫ್ ಆರ್ಕ್ ಎಂಬ ವೀರಕನ್ಯೆಯ ವಿಚಾರಣೆಯನ್ನು ಕುರಿತು 1928ರಲ್ಲಿ ಒಂದು ಮೂಕಿ ಚಿತ್ರ ಮಾಡಿದ. ಬಹುಪಾಲು ಬರಿಯ ಮುಖಗಳ ಚಿತ್ರ ಅದು. ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಯಿತು. ಡ್ರೈಯರನ ಮೂಲ ರೂಪ ಇನ್ನು ಸಿಗುವುದೇ ಇಲ್ಲವೆಂದು ಜಗತ್ತು ಕೈಬಿಟ್ಟಿತ್ತು. 1981ರಲ್ಲಿ ನಾರ್ವೆಯ ಆಸ್ಲೋ ಬಳಿಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ, ಹಳೆಯ ಸಾಮಾನುಗಳ ನಡುವೆ, ಅದರ ಪ್ರತಿ ಸಿಕ್ಕಿತು. ಯಾರೋ ಅದನ್ನು ಎಸೆಯದೆ ಬಿಟ್ಟಿದ್ದರು, ಅಷ್ಟೇ.

ಆದರೆ ಎಲ್ಲವನ್ನೂ ಅದೃಷ್ಟಕ್ಕೆ ಬಿಡಲಾಗದು. ನಮ್ಮ ದೇಶದಲ್ಲಿ ಈ ಕೆಲಸವನ್ನು ಜೀವನದ ವ್ರತವಾಗಿ ಮಾಡಿದವರು ಪಿ.ಕೆ. ನಾಯರ್. 1933ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಅವರು ಚಿಕ್ಕ ಹುಡುಗನಾಗಿದ್ದಾಗಲೇ ಸಿನೆಮಾ ಟಿಕೆಟ್ಟಿನ ತುಂಡುಗಳನ್ನು ಕೂಡಿಡುತ್ತಿದ್ದರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಮರುವರ್ಷ ಅಲ್ಲಿಗೆ ಸೇರಿದ ನಾಯರ್ 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 12,000 ಚಿತ್ರಗಳನ್ನು ಕೂಡಿಹಾಕಿದ್ದರು. ದಾದಾಸಾಹೇಬ್ ಫಾಲ್ಕೆಯವರ ಚಿತ್ರಗಳಲ್ಲಿ ಇಂದು ನಮಗೆ ನೋಡಸಿಗುವಷ್ಟು ಉಳಿದದ್ದು ಅವರ ಹುಡುಕಾಟದಿಂದ. 2016ರಲ್ಲಿ ಅವರು ತೀರಿಕೊಂಡರು.

ನಾಯರರ ಇನ್ನೊಂದು ಗುಣವನ್ನು ನೀವು ಗಮನಿಸಬೇಕು. ಅವರು ಕೂಡಿಟ್ಟದ್ದನ್ನು ಬೀಗ ಹಾಕಿ ಇಡಲಿಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತ್ತು. ಆ ಹಳ್ಳಿಗೆ ಸಂಗ್ರಹಾಲಯದಿಂದ ಚಿತ್ರಗಳು ಬಂದವು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಜಪಾನಿನ 'ರಶೋಮನ್', ಇಟಲಿಯ 'ಬೈಸಿಕಲ್ ಥೀವ್ಸ್', ಇಂಥವನ್ನೆಲ್ಲ ತೋಟ ಗದ್ದೆಗಳಲ್ಲಿ ದುಡಿದು ಬಂದ ಜನ ಕೂತು ನೋಡಿದರು, ಚರ್ಚಿಸಿದರು. ಹಳ್ಳಿಯವರಿಗೆ ಇಂಥ ಚಿತ್ರ ಹಿಡಿಸುವುದಿಲ್ಲ ಎಂಬ ಮಾತಿಗೆ ಹೆಗ್ಗೋಡು ಒಳ್ಳೆಯ ಉತ್ತರ. ತೋರಿಸುವವರು ಬೇಕು, ಕೂತು ಮಾತಾಡುವ ಅವಕಾಶ ಬೇಕು.

ಕಾಯುವ ಕೆಲಸ ನಿಮ್ಮ ಸೀಮೆಗೆ ಹೊಸದೇನೂ ಅಲ್ಲ. ಅಣ್ಣಿಗೇರಿ ಆದಿಕವಿ ಪಂಪನ ಊರೆಂದು ನೀವು ಹೆಮ್ಮೆಪಡುತ್ತೀರಿ. ಪಂಪ ಬರೆದದ್ದು ಕ್ರಿ.ಶ. 941ರ ಸುಮಾರಿಗೆ. 'ವಿಕ್ರಮಾರ್ಜುನ ವಿಜಯ' ಮೊದಲು ಅಚ್ಚಾದದ್ದು 1898ರಲ್ಲಿ. ನಡುವಿನ ಒಂಬೈನೂರೈವತ್ತಕ್ಕೂ ಹೆಚ್ಚು ವರ್ಷ ಆ ಕಾವ್ಯ ಬದುಕಿದ್ದು ತಾಳೆಗರಿಯ ಕೆಲವೇ ಕಟ್ಟುಗಳಲ್ಲಿ. ಗರಿ ಶಿಥಿಲವಾದಾಗ ಹೆಸರು ತಿಳಿಯದ ಲಿಪಿಕಾರನೊಬ್ಬ ಕೂತು ಇನ್ನೊಂದು ಪ್ರತಿ ಮಾಡಿದ. ಕುಂದಗೋಳದಲ್ಲಿ ಹುಟ್ಟಿದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಶಿಷ್ಯರ ಕಂಠದಲ್ಲಿ ಅವರ ಗಾಯನ ಮುಂದುವರಿಯಿತು. ಆದರೆ ಅವರ ಸ್ವಂತ ದನಿ ಹೇಗಿತ್ತು ಎಂದು ತಿಳಿಯಲು ನಮಗಿರುವ ಮುಖ್ಯ ಆಧಾರ ಮೂರು ಮೂರು ನಿಮಿಷದ ಹಳೆಯ ಗ್ರಾಮಫೋನ್ ತಟ್ಟೆಗಳು. ಅವನ್ನು ಒಡೆಯಗೊಡದೆ ಇಟ್ಟುಕೊಂಡ ರಸಿಕರ ಋಣ ನಮ್ಮ ಮೇಲಿದೆ. ತಾಳೆಗರಿ ಕಾದವರು, ಗ್ರಾಮಫೋನ್ ತಟ್ಟೆ ಕಾದವರು, ಫಿಲ್ಮಿನ ಡಬ್ಬ ಕಾದವರು, ಇವರೆಲ್ಲ ಒಂದೇ ಮನೆತನದವರು.

ಸಂಗ್ರಾಹಕರನ್ನು ಇಷ್ಟು ಹೊಗಳಿದ ಮೇಲೆ ಎರಡು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಪರೂಪದ್ದೆಲ್ಲ ಉತ್ತಮವಲ್ಲ. ನಿಧಾನವಾಗಿ ಸಾಗಿದ ಮಾತ್ರಕ್ಕೆ ಚಿತ್ರ ಆಳವಾಗುವುದಿಲ್ಲ. ಬೇಸರ ಹುಟ್ಟಿಸುವ ನಿಧಾನವೂ ಉಂಟು. ನೀವೇ ನೋಡಿ ನೀವೇ ತೂಗಿ ನೋಡಬೇಕು. ಇನ್ನೊಂದು, ಇದು ನನ್ನ ಬಳಿ ಮಾತ್ರ ಇದೆ ಎಂಬ ಜಂಬ ಸಂಗ್ರಾಹಕನಿಗೆ ಅಂಟಿಕೊಳ್ಳುವ ರೋಗ. ಯಾರಿಗೂ ತೋರಿಸದೆ ಬಚ್ಚಿಟ್ಟ ಚಿತ್ರಕ್ಕೂ ಕಳೆದುಹೋದ ಚಿತ್ರಕ್ಕೂ ಹೆಚ್ಚು ಅಂತರವಿಲ್ಲ. ಹಾಗೆಯೇ, ಕದ್ದು ಮಾಡಿದ ಪ್ರತಿಗಳನ್ನು ಹಂಚುವುದನ್ನು ಸಂಗ್ರಹ ಎಂದು ಕರೆಯಬೇಡಿ. ಚಿತ್ರ ಮಾಡಿದವರ ಹಕ್ಕನ್ನು ಗೌರವಿಸಿಯೇ ಚಿತ್ರವನ್ನು ಪ್ರೀತಿಸಬೇಕು.

ಈಗ ನಿಮ್ಮ ಪಾಲಿನ ಕೆಲಸ. ಫಿಲ್ಮಿನ ರೀಲು ಕಾಯಲು ತಂಪು ಕೋಣೆ ಬೇಕು, ಹಣ ಬೇಕು. ಅದು ಸಂಸ್ಥೆಗಳ ಕೆಲಸ. ನಿಮ್ಮಿಂದ ಆಗುವುದೂ ಬಹಳಷ್ಟಿದೆ. ಒಂದು ನೋಟ್‌ಬುಕ್ ಇಡಿ. ನೋಡಿದ ಪ್ರತಿ ಚಿತ್ರದ ಹೆಸರು, ವರ್ಷ, ನಿರ್ದೇಶಕ, ಛಾಯಾಗ್ರಾಹಕ, ಮನಸ್ಸಿನಲ್ಲಿ ನಿಂತ ಒಂದು ದೃಶ್ಯ, ಇಷ್ಟನ್ನು ಬರೆದಿಡಿ. ನಾಯರರೂ ನೋಡಿದ ಚಿತ್ರಗಳ ವಿವರ ಬರೆದಿಡುತ್ತಿದ್ದರು. ಕಾಲೇಜಿನಲ್ಲಿ ಅಧ್ಯಾಪಕರನ್ನು ಒಪ್ಪಿಸಿ ತಿಂಗಳಿಗೊಂದು ಇಂಥ ಚಿತ್ರ ತೋರಿಸಿ. ಮುಗಿದ ಮೇಲೆ ಅರ್ಧ ಗಂಟೆ ಮಾತಾಡಿ. ಮನೆಯ ಅಟ್ಟದ ಮೇಲಿನ ಪೆಟ್ಟಿಗೆ ಗುಜರಿಗೆ ಹೋಗುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಹಳೆಯ ಸಿನೆಮಾ ಹಾಡಿನ ಪುಸ್ತಕ, ಕರಪತ್ರ, ಗ್ರಾಮಫೋನ್ ತಟ್ಟೆ, ಕ್ಯಾಸೆಟ್ಟು ಏನಾದರೂ ಇದ್ದೀತು. ಅಂಥದ್ದು ಸಿಕ್ಕರೆ ನಿಮ್ಮ ಅಧ್ಯಾಪಕರಿಗೋ ಗ್ರಂಥಪಾಲಕರಿಗೋ ತೋರಿಸಿ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದಿದೆ. ನಿಮ್ಮ ಅಜ್ಜ, ಅಜ್ಜಿ, ಓಣಿಯ ಹಿರಿಯರು ಇವರನ್ನು ಕೇಳಿ. ಊರಿಗೆ ಟೂರಿಂಗ್ ಟಾಕೀಸ್ ಬರುತ್ತಿತ್ತೇ? ಡೇರೆ ಎಲ್ಲಿ ಹಾಕುತ್ತಿದ್ದರು? ಟಿಕೆಟ್ಟಿಗೆ ಎಷ್ಟು? ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರು? ಯಾವ ಚಿತ್ರ ನೋಡಿ ಅತ್ತರು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಸಾಧ್ಯವಾದರೆ ದನಿಯನ್ನೂ ಮುದ್ರಿಸಿಕೊಳ್ಳಿ. ಚಿತ್ರವೇ ಕಳೆದುಹೋದರೂ ಅದನ್ನು ನೋಡಿದವರ ನೆನಪು ಇನ್ನೂ ಕೆಲವು ಕಾಲ ಇರುತ್ತದೆ. ಆ ಕಾಲ ದೀರ್ಘವಾದದ್ದಲ್ಲ. ಆದ್ದರಿಂದ ಪರೀಕ್ಷೆ ಮುಗಿಯಲಿ, ರಜೆ ಬರಲಿ ಎನ್ನದೆ ಈ ವಾರವೇ ಕೇಳಿ.